ಗೋಡೆಯ ಮೇಲಿನ ಮೂರು ಅಕ್ಷರ



ನಿಮ್ಮ ಊರಿನ ಬಸ್‌ಸ್ಟ್ಯಾಂಡಿನ ಎದುರಿಗೆ ಒಂದು ಖಾನಾವಳಿಯೋ ಚಹಾದಂಗಡಿಯೋ ಇದ್ದೇ ಇರುತ್ತದೆ. ಮುಂದಿನ ಸಲ ಅಲ್ಲಿಗೆ ಹೋದಾಗ ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಯ ಕಡೆಗೆ ಒಮ್ಮೆ ಕಣ್ಣು ಹಾಯಿಸಿರಿ. ಮನೆದೇವರ ಪಟ, ಹಾರ ಹಾಕಿದ ಹಿರಿಯರ ಪಟ, ಅವೆರಡರ ನಡುವೆ ಊದುಬತ್ತಿಯ ಹೊಗೆಗೆ ಹಳದಿಗಟ್ಟಿದ ಒಂದು ಕಾಗದ. ಅದು ಊಟದ ಧಂದೆಗೆ ಸರಕಾರ ಕೊಟ್ಟ ಪರವಾನಗಿ. ಅದರ ಜೊತೆಗೆ ಪಾಲಿಸಬೇಕಾದ ಷರತ್ತುಗಳ ಪಟ್ಟಿಯೂ ಇರುತ್ತದೆ. ಆದರೆ ಪಟ್ಟಿ ಗೋಡೆ ಏರುವುದಿಲ್ಲ. ಗಲ್ಲಾಪೆಟ್ಟಿಗೆಯ ಅಡಿಯಲ್ಲಿ ಕರೆಂಟಿನ ಬಿಲ್ಲುಗಳ ಜೊತೆ ಮಲಗಿರುತ್ತದೆ.

ಆ ಪಟ್ಟಿಯಲ್ಲಿ ಇಲಿ, ಜಿರಳೆ, ನೊಣಗಳ ಮಾತು ಬರುತ್ತದೆ. ಧಾನ್ಯದ ಚೀಲ ನೆಲಕ್ಕೆ ತಾಗಬಾರದು, ಗೋಡೆಗೂ ಒರಗಬಾರದು. ಮೋರಿಯ ಬಾಯಿಗೆ ಜಾಳಿಗೆ ಇರಬೇಕು. ಕಸದ ಡಬ್ಬಿಗೆ ಮುಚ್ಚಳ ಬೇಕು. ಇಲಿಯ ಔಷಧವನ್ನು ಆಹಾರದ ಹತ್ತಿರ ಇಡಬಾರದು. ಓದಿದವರಿಗೆ ಇವು ಯಾರೋ ಸಾಹೇಬರು ಫ್ಯಾನಿನ ಕೆಳಗೆ ಕುಳಿತು ಬರೆದ ಮಾತುಗಳಂತೆ ಕಾಣುತ್ತವೆ. ನಮ್ಮ ಮಾಮಾ ಒಬ್ಬರು ಮೂವತ್ತು ವರ್ಷ ಖಾನಾವಳಿ ನಡೆಸಿದವರು. ಈ ಪಟ್ಟಿಯ ಮಾತೆತ್ತಿದರೆ ಸಾಕು, "ಇಲಿ ಇಲ್ಲದ ಹೋಟೆಲು ಭೂಮಿ ಮ್ಯಾಲ ಎಲ್ಲಿ ಐತಿ ತೋರಿಸು, ನಾ ಲೈಸೆನ್ಸ ವಾಪಸ ಕೊಡ್ತೀನಿ" ಎನ್ನುತ್ತಿದ್ದರು. ಆ ಸಾಲುಗಳು ಎಲ್ಲಿಂದ ಬಂದವು ಎಂಬ ಕಥೆಯನ್ನು ಇವತ್ತು ನಿಮ್ಮೊಡನೆ ಹಂಚಿಕೊಳ್ಳುತ್ತೇನೆ. ಕಥೆ ಆರಂಭವಾಗುವುದು ಹೋಟೆಲಿನಲ್ಲಲ್ಲ, ಧಾನ್ಯದ ಗೋದಾಮಿನಲ್ಲಿ.

ನಾನು ಅಕ್ಕಲಕೋಟೆ ಸೀಮೆಯವನು. ನಮ್ಮ ಅಜ್ಜಿಗೆ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಅಭ್ಯಾಸವಿತ್ತು. ಬೆಳಿಗ್ಗೆ ಎದ್ದವಳೇ ಅಟ್ಟದ ಮೂಲೆ, ಹಗೇವಿನ ಬಾಯಿ, ದನದ ಕೊಟ್ಟಿಗೆಯ ಗ್ವಾದಲಿ ಎಲ್ಲವನ್ನೂ ಕಂದೀಲು ಹಿಡಿದು ನೋಡಿ ಬರುತ್ತಿದ್ದಳು. ಏನು ಹುಡುಕುತ್ತಾಳೆಂದು ನಮಗೆ ತಿಳಿಯುತ್ತಿರಲಿಲ್ಲ. ಕೇಳಿದರೆ "ಇಲಿ ಬಿದ್ದಾವೇನ ನೋಡಾಕತ್ತೀನಿ" ಎನ್ನುವಳು. ಇಲಿ ಬೀಳುವುದೆಂದರೆ ಸತ್ತು ಬೀಳುವುದು. ಅವಳ ಬಾಲ್ಯದಲ್ಲಿ ಸೂರಿನಿಂದ ಇಲಿ ಬಿದ್ದಿತೆಂದರೆ ಊರಿಗೆ ಊರೇ ಗಂಟುಮೂಟೆ ಕಟ್ಟುತ್ತಿತ್ತು. ಹೊಲದಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದರು. ಊರೊಳಗೆ ಉಳಿದವರು ನಾಯಿ ಮತ್ತು ದೇವರು ಮಾತ್ರ ಎಂದು ಅವಳು ಹೇಳುತ್ತಿದ್ದಳು. ಜ್ವರ ಬಂದು, ಕಂಕುಳಲ್ಲಿ ಅಥವಾ ತೊಡೆಯ ಸಂದಿನಲ್ಲಿ ಗಡ್ಡೆ ಎದ್ದರೆ ಮನುಷ್ಯ ನಾಲ್ಕೈದು ದಿನದಲ್ಲಿ ಹೋಗುತ್ತಿದ್ದ. ಪಿಲೇಗು ಎಂಬ ಹೆಸರನ್ನು ಅವಳು ಜೋರಾಗಿ ಹೇಳುತ್ತಲೇ ಇರಲಿಲ್ಲ.

ಇಂಥ ಅಜ್ಜಿಯಂದಿರು ನಿಮ್ಮ ಮನೆಗಳಲ್ಲೂ ಇದ್ದಿರಬೇಕು. ಬೆಂಗಳೂರಿನ ಕಡೆಯವರು ಪ್ಲೇಗಿನಮ್ಮನಿಗೆ ಗುಡಿ ಕಟ್ಟಿದರು. ಯಾರೂ ಅವರಿಗೆ ವಿಜ್ಞಾನ ಕಲಿಸಿರಲಿಲ್ಲ. ಆದರೆ ಇಲಿ ಬಿದ್ದರೆ ಧಾನ್ಯ ಇರುವ ಮನೆಯನ್ನು ಬಿಟ್ಟು ಹೋಗಬೇಕೆಂದು ಅವರಿಗೆ ಗೊತ್ತಿತ್ತು. ಸರಕಾರಕ್ಕೆ ಇದು ಗೊತ್ತಾಗಲು ಹತ್ತು ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು.

ಸರಕಾರದ ಕಥೆಗೆ ಮುಂಬಯಿಗೆ ಹೋಗಬೇಕು. 1896ರ ಸೆಪ್ಟೆಂಬರ್. ಬಂದರಿನ ಪಕ್ಕದ ಮಾಂಡವಿ ಎಂಬ ಪೇಟೆ. ಹಡಗಿನಿಂದ ಇಳಿದ, ಹಡಗಿಗೆ ಏರಬೇಕಾದ ಧಾನ್ಯದ ಚೀಲಗಳು ಕೆಳಗಿನ ಗೋದಾಮುಗಳಲ್ಲಿ. ಅದರ ಮೇಲಿನ ಮಹಡಿಗಳಲ್ಲಿ ಕಿಕ್ಕಿರಿದ ಜನ. ಅಲ್ಲಿ ಗಡ್ಡೆಯ ಜ್ವರದಿಂದ ಸಾಯುತ್ತಿದ್ದವರನ್ನು ನೋಡಿ ಇದು ಪ್ಲೇಗು ಎಂದು ಮೊದಲು ಹೇಳಿದವರು ಡಾಕ್ಟರ್ ಅಕಾಸಿಯೊ ಗಾಬ್ರಿಯೆಲ್ ವಿಯೆಗಾಸ್. ಗೋವಾದ ಕೇಳುಗರು ಹೆಮ್ಮೆಪಡಬಹುದು, ಅವರು ನಿಮ್ಮ ಅರ್ಪೋರಾ ಊರಿನವರು. ರೋಗದ ಕ್ರಿಮಿಯನ್ನು ಅದಕ್ಕೆ ಎರಡು ವರ್ಷ ಮೊದಲು, 1894ರಲ್ಲಿ, ಹಾಂಗ್‌ಕಾಂಗಿನಲ್ಲಿ ಅಲೆಕ್ಸಾಂದ್ರ್ ಯೆರ್ಸಿನ್ ಗುರುತಿಸಿದ್ದ. ಕ್ರಿಮಿ ಯಾವುದೆಂದು ಗೊತ್ತಿತ್ತು. ಅದು ಮನುಷ್ಯನ ಮೈಗೆ ಹೇಗೆ ಬರುತ್ತದೆಂದು ಗೊತ್ತಿರಲಿಲ್ಲ. ಕೆಟ್ಟ ಗಾಳಿ ಎಂದರು ಕೆಲವರು, ಕೊಳಕು ನೆಲ ಎಂದರು ಇನ್ನು ಕೆಲವರು, ಕೊಳಕು ಜನ ಎಂದು ಬಹಳ ಮಂದಿ ಅಂದುಕೊಂಡರು.

ಏನು ಮಾಡಿದರು ಗೊತ್ತೇ? ಚರಂಡಿಗಳಿಗೆ ಕಾರ್ಬಾಲಿಕ್ ಆಮ್ಲ ಬೆರೆಸಿದ ಸಮುದ್ರದ ನೀರು ಬಿಟ್ಟರು. ಬಿಲ ತೊಯ್ದ ಇಲಿಗಳು ಸುಮ್ಮನೆ ಕೂರುತ್ತವೆಯೇ? ಮನೆಗಳ ಹೆಂಚು ಕಿತ್ತು ಬಿಸಿಲು ಬಿಟ್ಟರು. ಗೋಡೆಗೆ ಸುಣ್ಣ ಬಳಿದರು. ಇರಲು ಯೋಗ್ಯವಲ್ಲ ಎಂದು ಕಂಡ ಮನೆಗಳ ಗೋಡೆಯ ಮೇಲೆ ಮೂರು ಇಂಗ್ಲಿಷ್ ಅಕ್ಷರ ಬರೆದರು: ಯು, ಎಚ್, ಎಚ್. ಮನುಷ್ಯವಾಸಕ್ಕೆ ಅನರ್ಹ ಎಂಬುದರ ಸಂಕ್ಷೇಪ ಅದು. ಆ ಮನೆಯಲ್ಲಿದ್ದವನು ಹಮಾಲನೋ ಗಿರಣಿಯ ಕೂಲಿಯೋ ಆಗಿರುತ್ತಿದ್ದ. ತನ್ನ ಗೋಡೆಯ ಮೇಲೆ ಏನು ಬರೆದಿದ್ದಾರೆಂದು ಅವನಿಗೆ ಓದಲು ಬರುತ್ತಿರಲಿಲ್ಲ. ಓದಲು ಬಂದವನಿಗೂ ಮುಂದೆ ಎಲ್ಲಿಗೆ ಹೋಗಬೇಕೆಂದು ಅದರಲ್ಲಿ ಬರೆದಿರಲಿಲ್ಲ. ಈ ಮೂರು ಅಕ್ಷರಗಳನ್ನು ನೆನಪಿನಲ್ಲಿಡಿ. ಕೊನೆಯಲ್ಲಿ ಮತ್ತೆ ಇಲ್ಲಿಗೇ ಬರೋಣ.

1897ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಬಂತು. ಮನೆ ಹೊಕ್ಕು ನೋಡುವ, ರೋಗಿಯನ್ನು ಎತ್ತಿಕೊಂಡು ಹೋಗುವ, ರೈಲಿನಲ್ಲಿ ಪ್ರಯಾಣಿಕರನ್ನು ಇಳಿಸಿ ತಪಾಸಿಸುವ ಅಧಿಕಾರ ಅದರಿಂದ ಸಿಕ್ಕಿತು. ಪುಣೆಯಲ್ಲಿ ಈ ಕೆಲಸಕ್ಕೆ ಸೈನಿಕರನ್ನೇ ಬಿಟ್ಟರು. ಅಡುಗೆಮನೆ, ದೇವರಮನೆ ನೋಡಲಿಲ್ಲ. ಹೆಂಗಸರ ಮರ್ಯಾದೆ ನೋಡಲಿಲ್ಲ. 1897ರ ಜೂನ್ 22ರ ರಾತ್ರಿ ಪ್ಲೇಗು ಅಧಿಕಾರಿ ರ್‍ಯಾಂಡನಿಗೆ ಚಾಫೇಕರ್ ಸಹೋದರರು ಗುಂಡು ಹಾರಿಸಿದ್ದು ನಿಮಗೆ ಗೊತ್ತಿರುವ ಸಂಗತಿ. ಶಾಲೆಯಲ್ಲಿ ಅದನ್ನು ಸ್ವಾತಂತ್ರ್ಯ ಹೋರಾಟದ ಪಾಠದಲ್ಲಿ ಓದುತ್ತೇವೆ. ಅದು ಆರೋಗ್ಯ ಇಲಾಖೆಯ ಇತಿಹಾಸದ ಪಾಠವೂ ಹೌದು ಎಂಬುದನ್ನು ಮರೆಯುತ್ತೇವೆ. ಜನ ಸಹಕರಿಸಲಿಲ್ಲ, ರೋಗಿಯನ್ನು ಅಟ್ಟದ ಮೇಲೆ ಬಚ್ಚಿಟ್ಟರು, ಹೆಣವನ್ನು ಕದ್ದು ಸಾಗಿಸಿದರು, ರಾತ್ರೋರಾತ್ರಿ ರೈಲು ಹತ್ತಿ ಊರು ಬಿಟ್ಟರು. ರೈಲಿನ ಜೊತೆಗೆ ರೋಗವೂ ಪುಣೆ, ಸೋಲಾಪುರ, ಧಾರವಾಡ, ಹುಬ್ಬಳ್ಳಿಗೆ ಬಂತು. 1898ರ ಆಗಸ್ಟಿನಲ್ಲಿ ಬೆಂಗಳೂರು ಮುಟ್ಟಿತು. ಅಲ್ಲಿಯ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಆ ಪ್ಲೇಗಿನ ಮಕ್ಕಳು. ಹುಬ್ಬಳ್ಳಿಯಲ್ಲಿ ಹಾಫ್‌ಕಿನ್ ಎಂಬ ವಿಜ್ಞಾನಿಯ ಹೊಸ ಲಸಿಕೆಯನ್ನು ಸಾವಿರಾರು ಜನಕ್ಕೆ ಹಾಕಿದರು. ಆತ ಆ ಲಸಿಕೆಯನ್ನು 1897ರ ಜನವರಿ 10ರಂದು ಮೊದಲು ತನ್ನ ಮೈಗೇ ಚುಚ್ಚಿಕೊಂಡಿದ್ದ.

ಇನ್ನು ನಮ್ಮ ಕಥೆಯೊಳಗೆ ಮೊದಲ ಬಾರಿ ಒಂದು ಹೋಟೆಲು ಬರುತ್ತದೆ. ಕರಾಚಿಯ ರೆನಾಲ್ಡ್ಸ್ ಹೋಟೆಲು. 1898ರಲ್ಲಿ ಅಲ್ಲಿ ತಂಗಿದ್ದವನು ಪಾಲ್ ಲೂಯಿ ಸಿಮೊಂ ಎಂಬ ಫ್ರೆಂಚ್ ವೈದ್ಯ. ಪ್ಲೇಗು ಬಂದ ಮನೆಯಿಂದ ಕಾಯಿಲೆಯ ಇಲಿಯೊಂದನ್ನು ತಂದು ಒಂದು ದೊಡ್ಡ ಗಾಜಿನ ಭರಣಿಯಲ್ಲಿಟ್ಟ. ಅದರ ಮೈತುಂಬ ಚಿಗಟಗಳಿದ್ದವು. ಸಾಲದೆಂದು ಹೋಟೆಲಿನಲ್ಲಿ ಅಡ್ಡಾಡುತ್ತಿದ್ದ ಒಂದು ಬೆಕ್ಕಿನ ಮೈಯಿಂದ ಇನ್ನಷ್ಟು ಚಿಗಟ ಹಿಡಿದು ಹಾಕಿದ! ಅದೇ ಭರಣಿಯೊಳಗೆ ಒಂದು ಆರೋಗ್ಯವಂತ ಇಲಿಯನ್ನು ಜಾಳಿಗೆಯ ಪಂಜರದಲ್ಲಿ ತೂಗುಬಿಟ್ಟ. ಎರಡು ಇಲಿಗಳು ಒಂದನ್ನೊಂದು ಮುಟ್ಟುವಂತಿರಲಿಲ್ಲ. ಜಾಳಿಗೆಯ ತೂತಿನಲ್ಲಿ ಚಿಗಟ ಮಾತ್ರ ಹಾರಬಹುದಿತ್ತು. ಮೊದಲನೆಯ ಇಲಿ ಸತ್ತಿತು. ಚಿಗಟಗಳಿಗೆ ತಣ್ಣಗಾದ ಮೈ ಬೇಡ, ಬಿಸಿ ರಕ್ತ ಬೇಕು. ಐದು ದಿನಗಳಲ್ಲಿ ಎರಡನೆಯ ಇಲಿಯೂ ಸತ್ತಿತು. ಅದರ ರಕ್ತದಲ್ಲಿ ಪ್ಲೇಗಿನ ಕ್ರಿಮಿ ತುಂಬಿತ್ತು. ಸಿಮೊಂ ತನ್ನ ಶೋಧವನ್ನು ಪ್ರಕಟಿಸಿದ, ದೊಡ್ಡವರು ನಂಬಲಿಲ್ಲ. 1905ರ ನಂತರ ಮುಂಬಯಿಯಲ್ಲಿ ಮತ್ತೆ ವಿಸ್ತಾರವಾಗಿ ಪ್ರಯೋಗಗಳಾದ ಮೇಲೆಯೇ ಒಪ್ಪಿಕೊಂಡರು.

ಈ ಒಂದು ಸಂಗತಿಯನ್ನು ನಿಧಾನವಾಗಿ ಯೋಚಿಸಿದರೆ ಹೋಟೆಲಿನ ಷರತ್ತುಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ. ಇಲಿ ಸತ್ತಾಗಲೇ ಅಪಾಯ ಹೆಚ್ಚು, ಏಕೆಂದರೆ ಅದರ ಮೈಮೇಲಿನ ಚಿಗಟ ಹೊಸ ಮೈ ಹುಡುಕಿ ಹೊರಡುತ್ತದೆ. ಆದ್ದರಿಂದ ಪ್ಲೇಗು ಇರುವ ಕಡೆ ಮೊದಲು ಚಿಗಟವನ್ನು ಕೊಲ್ಲಬೇಕು, ಆಮೇಲೆ ಇಲಿಯನ್ನು. ಇದು ತಿಳಿಯದೆ ಆರಂಭದ ವರ್ಷಗಳಲ್ಲಿ ಇಲಿ ಕೊಂದವರಿಗೆ ಬಹುಮಾನ ಕೊಟ್ಟರು. ಇನ್ನೊಂದು ಮಾತು: ಈ ಚಿಗಟದ ಮರಿಹುಳು ಬೆಳೆಯುವುದು ಧಾನ್ಯದ ಹೊಟ್ಟು, ಪುಡಿ, ಚೀಲದ ಅಡಿಯ ಕಸದಲ್ಲಿ. ಗೋಣಿಚೀಲದೊಳಗೆ ಕುಳಿತು ಚಿಗಟ ಇಲಿಯಿಲ್ಲದೆಯೇ ಊರಿಂದೂರಿಗೆ ಪ್ರಯಾಣ ಮಾಡಬಲ್ಲದು. ಚೀಲವನ್ನು ಹಲಗೆಯ ಮೇಲೆ ಏಕೆ ಇಡಬೇಕು? ಕೆಳಗೆ ಕಸಬರಿಗೆ ಆಡಲಿ ಎಂದು. ಗೋಡೆಯಿಂದ ದೂರ ಏಕೆ? ಇಲಿ ಬಯಲಿನಲ್ಲಿ ಓಡುವುದಿಲ್ಲ, ಗೋಡೆಗೆ ಮೈಯೊತ್ತಿ ಓಡುತ್ತದೆ. ಚೀಲ ಮತ್ತು ಗೋಡೆಯ ನಡುವಿನ ಸಂದು ಅದಕ್ಕೆ ರಾಜಮಾರ್ಗ. ಮೊದಲು ಬಂದ ಚೀಲ ಮೊದಲು ಖರ್ಚಾಗಬೇಕು ಏಕೆ? ತಿಂಗಳುಗಟ್ಟಲೆ ಅಲುಗದ ಚೀಲದ ಹಿಂದೆ ಇಲಿ ಮರಿ ಹಾಕುತ್ತದೆ.

ನಡುವಿನ ವರ್ಷಗಳನ್ನು ಬೇಗ ದಾಟೋಣ. 1896ರಿಂದ ಮುಂದಿನ ಕೆಲವು ದಶಕಗಳಲ್ಲಿ ಭಾರತದಲ್ಲಿ ಪ್ಲೇಗಿನಿಂದ ಸತ್ತವರು ಸುಮಾರು 1 ಕೋಟಿ 20 ಲಕ್ಷ ಎಂದು ಅಂದಾಜು. ಬಿಲಗಳಿಗೆ ಸಯನೈಡಿನ ಹೊಗೆ ಹಾಕುವ ಪಂಪುಗಳು ಬಂದವು, ಎರಡನೆಯ ಮಹಾಯುದ್ಧದ ನಂತರ ಡಿ.ಡಿ.ಟಿ. ಬಂತು. ರೋಗ ಇಳಿಯುತ್ತ ಬಂದು 1966ರಲ್ಲಿ ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ ಕೊನೆಯ ಪ್ರಕರಣ ಪ್ರಯೋಗಾಲಯದಲ್ಲಿ ಖಚಿತಪಟ್ಟಿತು. ಹೊಸೂರು, ಕೃಷ್ಣಗಿರಿಯ ಕೇಳುಗರೇ, ಮುಳಬಾಗಿಲು ನಿಮಗೆ ದೂರವಲ್ಲ. ಕರ್ನಾಟಕ, ಆಂಧ್ರ, ತಮಿಳುನಾಡು ಕೂಡುವ ಆ ಗುಡ್ಡಗಾಡಿನಲ್ಲಿ ಕಾಡಿಲಿಗಳ ನಡುವೆ ರೋಗ ಉಳಿದಿರಬಹುದೆಂದು ಬೆಂಗಳೂರಿನ ಪ್ಲೇಗು ಕಣ್ಗಾವಲು ಘಟಕದವರು ದಶಕಗಳ ಕಾಲ ಇಲಿ ಹಿಡಿದು ರಕ್ತ ಪರೀಕ್ಷೆ ಮಾಡುತ್ತ ಬಂದರು. ಇಲಿಗೂ ಚಿಗಟಕ್ಕೂ ರಾಜ್ಯದ ಗಡಿ ಎಲ್ಲಿದೆಯೆಂದು ಗೊತ್ತಿಲ್ಲ. ಈ ವಿಷಯದಲ್ಲಿ ಅವು ನಮ್ಮ ಹಾಗೆಯೇ.

1966ರ ಮೇಲೆ ಮೂರು ದಶಕಗಳ ಹತ್ತಿರ ನೆಮ್ಮದಿ. ಪ್ಲೇಗು ಮುಗಿಯಿತೆಂದೇ ಎಲ್ಲರೂ ತಿಳಿದರು. ಆಗ ನಮ್ಮ ಭಾಗದಲ್ಲಿ ಭೂಮಿ ನಡುಗಿತು.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಆದ ಕಿಲ್ಲಾರಿ ಭೂಕಂಪವನ್ನು ಸೋಲಾಪುರ, ಅಕ್ಕಲಕೋಟೆ, ಆಳಂದ, ಕಲಬುರಗಿಯ ಕಡೆಯವರು ಯಾರೂ ಮರೆತಿಲ್ಲ. ಗಣಪತಿ ಕಳಿಸಿ ಮಲಗಿದ್ದ ಜನ ಕಲ್ಲುಮಣ್ಣಿನ ಗೋಡೆಯಡಿ ಸಾವಿರಾರು ಸಂಖ್ಯೆಯಲ್ಲಿ ಸತ್ತರು. ನಮ್ಮ ಮನೆಯ ತೊಲೆ ಕಟಕಟ ಎಂದ ಸದ್ದು ನನಗೆ ಇನ್ನೂ ಕೇಳುತ್ತದೆ. ಬದುಕಿದವರಲ್ಲಿ ಅನೇಕರು ಹೆದರಿ ಮನೆ ಬಿಟ್ಟು ತಗಡಿನ ಶೆಡ್ಡುಗಳಲ್ಲಿ ಇದ್ದರು. ಬಿರುಕು ಬಿಟ್ಟ ಮನೆಗಳೊಳಗೆ ಧಾನ್ಯ ಹಾಗೆಯೇ ಉಳಿಯಿತು. ಕಾಳು ಇದೆ, ಮನುಷ್ಯನಿಲ್ಲ, ಬೆಕ್ಕಿಲ್ಲ. ಇಲಿಗಳು ಲೆಕ್ಕವಿಲ್ಲದಷ್ಟು ಹೆಚ್ಚಿದವು. 1994ರ ಆಗಸ್ಟಿನಲ್ಲಿ ಪಕ್ಕದ ಬೀಡ್ ಜಿಲ್ಲೆಯ ಮಾಮ್ಲಾ ಎಂಬ ಹಳ್ಳಿಯಲ್ಲಿ ಇಲಿ ಬಿದ್ದವು, ಜನರಿಗೆ ಗಡ್ಡೆ ಎದ್ದವು. ಭೂಕಂಪದ ಧಾನ್ಯಕ್ಕೂ ಈ ರೋಗಕ್ಕೂ ಇರುವ ಸಂಬಂಧವನ್ನು ಆಗ ಹಲವು ತಜ್ಞರು ಎತ್ತಿ ಹೇಳಿದರು. ಅಜ್ಜಿ ಇದ್ದಿದ್ದರೆ ಅವಳಿಗೆ ತಜ್ಞರು ಬೇಕಾಗುತ್ತಿರಲಿಲ್ಲ.

ಒಂದು ತಿಂಗಳೊಳಗೆ ಗುಜರಾತಿನ ಸೂರತ್ ನಗರದಲ್ಲಿ ಅದು ಇನ್ನೂ ಭಯಂಕರ ರೂಪದಲ್ಲಿ ಕಾಣಿಸಿತು. ಗಡ್ಡೆಯ ಪ್ಲೇಗು ಅಲ್ಲ, ಶ್ವಾಸಕೋಶದ ಪ್ಲೇಗು. ಅದಕ್ಕೆ ಚಿಗಟವೂ ಬೇಡ, ರೋಗಿಯ ಕೆಮ್ಮೇ ಸಾಕು. ತಾಪಿ ನದಿಯ ನೆರೆ ಇಳಿದು ಬೀದಿಗಳಲ್ಲಿ ಕೆಸರು, ಕಸ, ಸತ್ತ ಪ್ರಾಣಿಗಳು ಕೊಳೆಯುತ್ತಿದ್ದ ಕಾಲ ಅದು. ಸೆಪ್ಟೆಂಬರ್ ಮೂರನೆಯ ವಾರ ಸುದ್ದಿ ಹಬ್ಬಿದ್ದೇ ತಡ, ಸೂರತ್‌ನ ಮಗ್ಗಗಳಲ್ಲಿ, ವಜ್ರದ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಲಕ್ಷಾಂತರ ಜನ ಸಿಕ್ಕಿದ ರೈಲು ಹತ್ತಿದರು. ವೈದ್ಯರಲ್ಲೂ ಅನೇಕರು ದವಾಖಾನೆಗೆ ಬೀಗ ಹಾಕಿ ಹೋದರು. ಹೊರದೇಶಗಳು ಭಾರತದ ವಿಮಾನಗಳನ್ನು ತಡೆದವು. ನಮ್ಮ ಕಡೆ ಔಷಧದಂಗಡಿಯಲ್ಲಿ ಟೆಟ್ರಾಸೈಕ್ಲಿನ್ ಗುಳಿಗೆ ಸಿಗದಂತಾಯಿತು. ರೈಲು ಸ್ಟೇಷನ್ನಿನಲ್ಲಿ ಮೂಗಿಗೆ ಕರವಸ್ತ್ರ ಕಟ್ಟಿಕೊಂಡ ಜನರನ್ನು ನಾನು ಅದೇ ಮೊದಲ ಬಾರಿ ನೋಡಿದ್ದು. ಎರಡನೆಯ ಬಾರಿ 2020ರಲ್ಲಿ. ದೇಶದಲ್ಲಿ ಒಟ್ಟು 50ಕ್ಕೂ ಹೆಚ್ಚು ಜನ ಸತ್ತರು. ಅದು ಪ್ಲೇಗು ಹೌದೋ ಅಲ್ಲವೋ ಎಂದು ಆಗ ದೊಡ್ಡ ವಾದವೇ ನಡೆಯಿತು. ಹೌದೆಂದು ಮುಂದೆ ಜೀವಕಣಗಳ ಪರೀಕ್ಷೆ ತೋರಿಸಿತು.

ಸೂರತ್‌ನ ರೋಗಕ್ಕಿಂತ ಅದರ ನಂತರ ನಡೆದದ್ದು ನಮ್ಮ ವಿಷಯಕ್ಕೆ ಹತ್ತಿರ. 1995ರ ಮೇ ತಿಂಗಳಲ್ಲಿ ಎಸ್. ಆರ್. ರಾವ್ ಎಂಬವರು ಅಲ್ಲಿಯ ಮಹಾನಗರಪಾಲಿಕೆಯ ಆಯುಕ್ತರಾಗಿ ಬಂದರು. ಕಾನೂನು ಹಳೆಯದೇ. ಹೋಟೆಲಿಗೆ ಪರವಾನಗಿ ಕೊಡುವ, ಕೊಳಕು ಕಂಡರೆ ಮುಚ್ಚಿಸುವ ಅಧಿಕಾರ ಪಾಲಿಕೆಗೆ ಮೊದಲೂ ಇತ್ತು. ಅವರು ಹೊಸ ಕಾನೂನು ತರಲಿಲ್ಲ; ನಗರವನ್ನು ಆರು ವಲಯ ಮಾಡಿ ಒಬ್ಬೊಬ್ಬ ಅಧಿಕಾರಿಗೆ ಪೂರ್ತಿ ಹೊಣೆ ಕೊಟ್ಟು, ಬೆಳಿಗ್ಗೆ ಎಲ್ಲರನ್ನೂ ಕಚೇರಿಯಿಂದ ಬೀದಿಗೆ ಇಳಿಸಿದರು. ತಾವೂ ಇಳಿದರು. ಆರಂಭದಲ್ಲಿಯೇ ಕೈಹಾಕಿದ ಕೆಲಸಗಳಲ್ಲಿ ಹೋಟೆಲು ಮತ್ತು ಮಿಠಾಯಿ ಅಂಗಡಿಗಳ ತಪಾಸಣೆ ಒಂದು. ಸೂರತ್ ಎಂದರೆ ಊಟದ ಊರು. ಅಲ್ಲಿ ಊಟದಂಗಡಿ ಮುಚ್ಚಿಸುವುದು ಸಣ್ಣ ಮಾತಲ್ಲ. ಕೊಳಕು ಅಡುಗೆಮನೆಗೆ ದಂಡ, ಸರಿಪಡಿಸದಿದ್ದರೆ ಬೀಗ. ಮಾಲಿಕ ದೊಡ್ಡವನೇ ಇರಲಿ, ಅವನ ಬೆನ್ನಿಗೆ ಯಾರೇ ಇರಲಿ. ದೊಡ್ಡವರಿಗೂ ಬಿಸಿ ಮುಟ್ಟಿತೆಂದು ಕಂಡ ಮೇಲೆ ಗಾಡಿಯವನು ತಾನಾಗಿಯೇ ಕಸದ ಡಬ್ಬಿ ಇಟ್ಟ. 1996ರಲ್ಲಿ ಇಂಟ್ಯಾಕ್ ಸಂಸ್ಥೆ ಸೂರತ್‌ಗೆ ದೇಶದ ಸ್ವಚ್ಛ ನಗರಗಳಲ್ಲಿ ಚಂಡೀಗಢದ ನಂತರದ ಎರಡನೆಯ ಸ್ಥಾನ ಕೊಟ್ಟಿತು. ಪ್ಲೇಗು ಬಂದು ಎರಡೇ ವರ್ಷಕ್ಕೆ!

1897ರ ಪುಣೆ, 1995ರ ಸೂರತ್: ಎರಡರಲ್ಲೂ ಸರಕಾರ ಕಠಿಣವಾಗಿಯೇ ಇತ್ತು. ಪುಣೆಯಲ್ಲಿ ಅದು ಮನುಷ್ಯನನ್ನು ಹುಡುಕಿತು, ಸೂರತ್‌ನಲ್ಲಿ ಕಸವನ್ನು ಹುಡುಕಿತು. ಅಲ್ಲಿಯೂ ಗುಡಿಸಲು ಕಳೆದುಕೊಂಡ ಬಡವರು ಇದ್ದರು, ಎಲ್ಲ ಚೆನ್ನಾಗಿತ್ತೆಂದು ನಾನು ಹೇಳಲಾರೆ. ಆದರೂ ಜನ ಆಯುಕ್ತರ ಜೊತೆ ನಿಂತರು.

ಇನ್ನು ದೇಶದ ಕಾನೂನಿನ ಮಾತು. 1954ರಲ್ಲಿ ಆಹಾರ ಕಲಬೆರಕೆ ತಡೆ ಕಾಯಿದೆ ಆಯಿತು. ಹೆಸರೇ ಹೇಳುವಂತೆ ಅದರ ಕಣ್ಣೆಲ್ಲ ಕಲಬೆರಕೆಯ ಮೇಲೆ: ಹಾಲಿಗೆ ನೀರು, ಮೆಣಸಿಗೆ ಪಪ್ಪಾಯಿ ಬೀಜ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ ಅದನ್ನು ತೆಗೆದುಹಾಕಿ ಅಡುಗೆಮನೆಯ ಒಳಗೆ ಕಾಲಿಟ್ಟಿತು. ಹುಳ ಬಿದ್ದ, ಕೀಟ ಹೊಕ್ಕ ಆಹಾರ ಅಸುರಕ್ಷಿತ ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಕೊಳಕು ಸ್ಥಿತಿಯಲ್ಲಿ ಆಹಾರ ತಯಾರಿಸಿದರೆ 1 ಲಕ್ಷ ರೂಪಾಯಿಯವರೆಗೆ ದಂಡ ಹಾಕಲು ಬರುತ್ತದೆ. ಮೊದಲು ಸುಧಾರಣೆಯ ನೋಟೀಸು ಕೊಟ್ಟು ಸರಿಪಡಿಸಿಕೊಳ್ಳಲು ಸಮಯ ಕೊಡುವ ದಾರಿಯೂ ಅದರಲ್ಲಿದೆ. 2011ರ ಆಗಸ್ಟ್ 5ರಿಂದ ಅದರ ಪರವಾನಗಿ ನಿಯಮಗಳು ಜಾರಿಗೆ ಬಂದವು. ಆ ನಿಯಮಗಳ ನಾಲ್ಕನೆಯ ಅನುಸೂಚಿಯೇ ನಾನು ಮೊದಲು ಹೇಳಿದ ಷರತ್ತುಗಳ ಪಟ್ಟಿ. ಜಾರಿಗೆ ಬಂದಾಗ ವರ್ಷಕ್ಕೆ 12 ಲಕ್ಷ ರೂಪಾಯಿಯೊಳಗಿನ ವಹಿವಾಟಿನವರಿಗೆ 100 ರೂಪಾಯಿಯ ಸರಳ ನೋಂದಣಿ ಸಾಕೆಂದಿತ್ತು. ಗಡಿಯವರಾದ ನಮಗೆ ಒಂದು ಅನುಕೂಲ: ಇದು ಕೇಂದ್ರದ ಕಾನೂನು. ತಾಳವಾಡಿಗೂ ಚಾಮರಾಜನಗರಕ್ಕೂ, ಜತ್ತಿಗೂ ವಿಜಯಪುರಕ್ಕೂ ನಿಯಮ ಒಂದೇ.

ನಿಯಮ ಒಂದೇ ಆದರೂ ಪಾಲನೆ ಹೇಗೆ ನಡೆಯುತ್ತದೆಂದು ನಾನೇ ಕಂಡಿದ್ದೇನೆ. ನಮ್ಮ ಮಾಮಾರ ಖಾನಾವಳಿಗೆ ಒಬ್ಬ ಗುತ್ತಿಗೆದಾರ ಬರುತ್ತಿದ್ದ. ಮೂರು ತಿಂಗಳಿಗೊಮ್ಮೆ ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ಬಂದು, ಹತ್ತು ನಿಮಿಷ ಮೂಲೆ ಮೂಲೆಗೆ ಏನೋ ಸಿಂಪಡಿಸಿ, ಕೀಟ ನಿಯಂತ್ರಣ ಮಾಡಲಾಗಿದೆ ಎಂಬ ಕಾಗದಕ್ಕೆ ಸಿಕ್ಕಾ ಹೊಡೆದು ಹೋಗುತ್ತಿದ್ದ. ಬರಬರುತ್ತ ಡಬ್ಬಿ ತರುವುದು ನಿಂತಿತು, ಕಾಗದ ಮಾತ್ರ ಬರುತ್ತಿತ್ತು. ತಪಾಸಣೆಗೆ ಬಂದವರು ಕಾಗದ ನೋಡಿ ತಲೆಯಾಡಿಸುತ್ತಿದ್ದರು. ಜಿರಳೆಗಳು ಕಾಗದ ಓದುವುದಿಲ್ಲ. ನಿಜವಾಗಿ ಸಿಂಪಡಿಸಿದರೂ ಒಂದು ಸಲಕ್ಕೆ ಸಾಲದು: ಅಡುಗೆಮನೆಯ ಸಣ್ಣ ಕಂದು ಜಿರಳೆ ತನ್ನ ಮೊಟ್ಟೆಗಳನ್ನೆಲ್ಲ ಒಂದು ಗಟ್ಟಿ ಸಿಪ್ಪೆಯ ಪೊಟ್ಟಣದಲ್ಲಿ ಕಟ್ಟಿ ಹೊತ್ತು ತಿರುಗುತ್ತದೆ. ಒಂದೊಂದು ಪೊಟ್ಟಣದಲ್ಲಿ 30-40 ಮೊಟ್ಟೆ. ತಾಯಿ ಸತ್ತರೂ ಔಷಧ ಆ ಸಿಪ್ಪೆಯೊಳಗೆ ಇಳಿಯುವುದಿಲ್ಲ. ಕೆಲವು ವಾರಗಳಲ್ಲಿ ಮತ್ತೆ ಹಿಂಡು. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಎಣ್ಣೆಯ ಜಿಡ್ಡು, ಒಂದು ಹನಿ ನೀರು ಸಿಗದಂತೆ ಮಾಡಿದರೆ ಮಾತ್ರ ಅವುಗಳ ವಂಶ ಕುಗ್ಗುತ್ತದೆ. ಅದು ಸಿಕ್ಕಾ ಹೊಡೆಯುವವನ ಕೆಲಸವಲ್ಲ, ರಾತ್ರಿ ಹನ್ನೊಂದಕ್ಕೆ ಕಟ್ಟೆ ಒರೆಸುವವರ ಕೆಲಸ.

ಇಲಿಯ ಪಾಷಾಣದ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಗೋದಾಮಿನ ಕಾಳಿಗೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯನ್ನು ಹೋಟೆಲಿನ ಕೋಣೆಯಲ್ಲಿ, ಜನ ಮಲಗುವ ಕೋಣೆಯಲ್ಲಿ ದಯವಿಟ್ಟು ಇಡಬೇಡಿ. ಅದರ ಗಾಳಿ ಇಲಿಗೆ ಬೇರೆ, ಮನುಷ್ಯನಿಗೆ ಬೇರೆ ಅಲ್ಲ. ತೂತಿಗೆ ಸಿಮೆಂಟು ಮತ್ತು ತಂತಿಯ ಜಾಳಿಗೆ, ಬಾಗಿಲಿನ ಅಡಿಗೆ ತಗಡಿನ ಪಟ್ಟಿ. ಖರ್ಚು ಕಡಿಮೆ, ಕೆಲಸ ಹೆಚ್ಚು.

ಪ್ಲೇಗು ಈಗ ಇಲ್ಲವಲ್ಲ, ಇಷ್ಟೆಲ್ಲ ಏಕೆ ಎಂದು ನೀವು ಕೇಳಬಹುದು. ಕಾಸರಗೋಡಿನ ಕೇಳುಗರು ಕೇಳುವುದಿಲ್ಲ. ಪ್ರತಿ ಮಳೆಗಾಲ ಬರುವ ಎಲಿಪ್ಪನಿ, ಅಂದರೆ ಇಲಿಜ್ವರ, ಅವರಿಗೆ ಗೊತ್ತು. ಇಲಿಯ ಮೂತ್ರ ಬೆರೆತ ನೀರಿನಲ್ಲಿ ಗಾಯದ ಕಾಲಿಟ್ಟರೆ ಸಾಕು. ಮತ್ತೆ, ಕೊಳಕು ಎಂದರೆ ಇಲಿಯೊಂದೇ ಅಲ್ಲ. 2022ರ ಮೇ ತಿಂಗಳಲ್ಲಿ ಅದೇ ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮಾ ತಿಂದ ಹಲವರು ಆಸ್ಪತ್ರೆ ಸೇರಿದರು, ಶಾಲೆಗೆ ಹೋಗುವ ಒಬ್ಬ ಹುಡುಗಿ ತೀರಿಕೊಂಡಳು. ಷಿಗೆಲ್ಲಾ ಎಂಬ ಕ್ರಿಮಿ ಸಿಕ್ಕಿತು. ಅದು ಕೈ ತೊಳೆಯದ ಕೈಯಿಂದ, ಕೊಳಕು ನೀರಿನಿಂದ, ಶೌಚದ ಮೇಲೆ ಕುಳಿತೆದ್ದ ನೊಣದಿಂದ ಬರುವಂಥದು. ಮುಂದಿನ ವರ್ಷ, 2023ರಲ್ಲಿ, ಕೇರಳ ಸರಕಾರ ಹೋಟೆಲಿನ ಕೆಲಸಗಾರರಿಗೆಲ್ಲ ಆರೋಗ್ಯ ಕಾರ್ಡು ಕಡ್ಡಾಯ ಮಾಡಿತು. ಇಲ್ಲಿಯೂ ಸಾಲು ಹುಟ್ಟಿದ್ದು ಸಾವಿನ ನಂತರವೇ.

ಈಗ ಮುಂಬಯಿಯ ಆ ಮೂರು ಅಕ್ಷರಗಳಿಗೆ ಬರೋಣ. ನಮ್ಮ ಗಡಿ ಊರುಗಳ ಹೋಟೆಲಿನ ಅಡುಗೆಮನೆಗೆ ಹೋಗಿ ನೋಡಿ. ಷರತ್ತಿನ ಪಟ್ಟಿ ಇಂಗ್ಲಿಷಿನಲ್ಲಿ ಇರುತ್ತದೆ. ಪಾಲಿಕೆಯ ನೋಟೀಸು ಮರಾಠಿಯಲ್ಲೋ ತಮಿಳಿನಲ್ಲೋ ಮಲಯಾಳದಲ್ಲೋ ತೆಲುಗಿನಲ್ಲೋ ಬರುತ್ತದೆ. ಮಾಲಿಕರಿಗೆ ಎರಡು ಭಾಷೆ ಬರುತ್ತವೆ, ಹೇಗೋ ಓದಿಕೊಳ್ಳುತ್ತಾರೆ. ಮುಸುರೆ ತಿಕ್ಕುವವರಿಗೆ, ಕಾಳು ಕೇರುವವರಿಗೆ ಬರುವುದು ಮನೆಯ ಮಾತು ಒಂದೇ. ಅದನ್ನು ಓದುವುದೂ ಅನೇಕರಿಗೆ ಬರುವುದಿಲ್ಲ. ಇಲಿಯನ್ನು ದಿನಾ ಕಾಣುವವರು ಅವರು. ನಿಯಮ ಓದುವವನು ಇಲಿಯನ್ನು ಕಾಣುವುದಿಲ್ಲ.

ಮಾಮಾ ತೀರಿಕೊಂಡ ಮೇಲೆ ಅವರ ಮಗ ಖಾನಾವಳಿ ನಡೆಸುತ್ತಿದ್ದಾನೆ. ಒಂದು ಮಧ್ಯಾಹ್ನ, ಗಿರಾಕಿ ಇಲ್ಲದ ಹೊತ್ತಿನಲ್ಲಿ, ಅವನ ಒತ್ತಾಯಕ್ಕೆ ನಾನು ಆ ಪಟ್ಟಿಯನ್ನು ನಮ್ಮ ಮಾತಿನಲ್ಲಿ ಒಂದೊಂದೇ ಸಾಲು ಹೇಳುತ್ತ ಹೋದೆ. ಕೆಲಸದವರೆಲ್ಲ ನೆಲದ ಮೇಲೆ ಕುಳಿತಿದ್ದರು. ಚೀಲದ ಮಾತು ಮುಗಿಯಿತು, ಮೋರಿಯ ಜಾಳಿಗೆ ಬಂತು, ಗೋಡೆಯ ತೂತು ಬಂತು. ಹದಿನೈದು ವರ್ಷದಿಂದ ಅಲ್ಲಿ ಪಾತ್ರೆ ತಿಕ್ಕುವ ಒಬ್ಬ ತಾಯಿ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

"ಮಾಸ್ತರ, ತೂತ ಮುಚ್ಚಬೇಕು ಅಂತ ಬರದಾರೇನ್ರಿ ಅದರಾಗ?"

"ಹೌದವ್ವಾ, ಬರದಾರ."

"ಹಂಗಾರ ಬರ್ರಿ ಇಲ್ಲೆ" ಎಂದು ನನ್ನನ್ನು ಒಳಗೆ ಕರೆದುಕೊಂಡು ಹೋದಳು. ಹಿಟ್ಟು ರುಬ್ಬುವ ಯಂತ್ರದ ಹಿಂದೆ, ಯಾರೂ ಬಗ್ಗಿ ನೋಡದ ಜಾಗದಲ್ಲಿ, ನನ್ನ ಮುಷ್ಟಿ ಹೋಗುವಷ್ಟು ದೊಡ್ಡ ಕಿಂಡಿ. ಅಂಚೆಲ್ಲ ಇಲಿಯ ಮೈಯ ಜಿಡ್ಡಿಗೆ ಕರ್ರಗಾಗಿತ್ತು. ಆಚೆಗೆ ನೇರ ಬೀದಿಯ ಮೋರಿ ಕಾಣುತ್ತಿತ್ತು. ಎಷ್ಟು ದಿನದಿಂದ ಇದೆ ಎಂದು ಕೇಳಿದೆ.

"ನಾ ಬಂದಾಗಿಂದ ಐತ್ರಿ. ಯಾರೂ ನನ್ನ ಕೇಳ್ಲಿಲ್ಲ."

ಆ ಸಂಜೆಯೇ ಗೌಂಡಿಯನ್ನು ಕರೆಸಿದೆವು. ಅರ್ಧ ಚೀಲ ಸಿಮೆಂಟು, ಎರಡು ಬುಟ್ಟಿ ಕಲ್ಲಿನ ಚೂರು, ಒಂದು ತುಂಡು ತಂತಿಜಾಳಿಗೆ.